ಎರಡು ಇಡ್ಲಿ ಮತ್ತು ಸಂಭಾಜಿನಗರ

ನಾಶಿಕದಿಂದ ಬೆಳಗ್ಗೆ ಬಾಡಿಗೆ ಕಾರಿನಲ್ಲಿ ಹೊರಟವರು ಮೂವರು: ನಾನು, ಮೈದುನ ರಘು, ಅವನ ಹೆಂಡತಿ ಸುಜಾತ. ಗರ್ಭಪಾತವಾದ ಮೇಲೆ ಸುಜಾತಳಿಗೆ ರಕ್ತಸ್ರಾವ ನಿಂತಿರಲಿಲ್ಲ. ಗರ್ಭಕೋಶದ ಗೋಡೆಯಲ್ಲಿ ರಕ್ತನಾಳಗಳು ಗೋಜಲಾಗಿವೆ, ಕೋಶವನ್ನೇ ತೆಗೆಯುವುದು ಕ್ಷೇಮ ಎಂದು ನಾಶಿಕದಲ್ಲಿ ಹೇಳಿದ್ದರು. ಅವಳಿಗಿನ್ನೂ ಮಕ್ಕಳಿಲ್ಲ. ಸಂಭಾಜಿನಗರದ ಡಾಕ್ಟರೊಬ್ಬರು ತೊಡೆಸಂದಿನಿಂದ ಸಣ್ಣ ನಳಿಗೆ ತೂರಿಸಿ ಆ ನಾಳಗಳನ್ನಷ್ಟೇ ಮುಚ್ಚುತ್ತಾರೆಂದು ತಿಳಿದು ಹೊರಟಿದ್ದೆವು.

ಸುಮಾರು ನಾಲ್ಕು ತಾಸಿನ ದಾರಿ. ಬಿಸಿಲು ಆಗಲೇ ಏರಿತ್ತು. ನಿಫಾಡದ ಆಚೆ ಲಾಸಲಗಾಂವ್‌ಗೆ ಈರುಳ್ಳಿ ಒಯ್ಯುವ ಟ್ರಾಕ್ಟರುಗಳ ಹಿಂದೆ ಸಿಕ್ಕಿಬಿದ್ದೆವು. ಯೇವಲೆಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ನಾನು ಬಾತ್‌ರೂಮಿಗೆ ಹೋಗಿ ಬಂದೆ. ನೋಡಿದರೆ ಸುಜಾತ ಕೈ ತೊಳೆಯುತ್ತಿದ್ದಳು. ಚಿಕಿತ್ಸೆಗೆ ಮೊದಲು ಏನೂ ತಿನ್ನಬಾರದೆಂದು ಸಂಭಾಜಿನಗರದ ಆಸ್ಪತ್ರೆಯವರು ಫೋನಿನಲ್ಲಿ ಎರಡು ಸಲ ಹೇಳಿದ್ದರು.

"ಎಂತ ಕೊಟ್ಟೆ ಮಾರಾಯ?" ಎಂದೆ.

"ಎರಡು ಇಡ್ಲಿ ಅತ್ತಿಗೆ. ಜ್ವರದವರಿಗೂ ಕೊಡ್ತೇವಲ್ಲ, ಅದು ತಿಂಡಿಯ ಲೆಕ್ಕಕ್ಕೆ ಬರ್ತದಾ?" ಎಂದ ರಘು.

ನಮ್ಮದು ಉಡುಪಿ ಕಡೆಯ ಹೋಟೆಲು ಮನೆತನ. ನಾಶಿಕದ ಅರ್ಧ ಆಸ್ಪತ್ರೆಗಳಿಗೆ ನಮ್ಮಲ್ಲಿಂದಲೇ ಇಡ್ಲಿ ಪಾರ್ಸೆಲ್ ಹೋಗುತ್ತದೆ. ಇಡ್ಲಿಯಿಂದ ರೋಗಿಗೆ ತೊಂದರೆಯಾದೀತೆಂದು ಅವನಿಗೆ ಹೊಳೆಯುವುದು ಹೇಗೆ?

ಸಂಭಾಜಿನಗರದಲ್ಲಿ ಡಾಕ್ಟರು ಸಿಟ್ಟಾಗಲಿಲ್ಲ. "ಹೊಟ್ಟೆ ಖಾಲಿಯಾಗಲು ಸಂಜೆವರೆಗೆ ಕಾಯಬೇಕು. ಅಷ್ಟರಲ್ಲಿ ರಕ್ತ ಕೈಮೀರಿ ಹೋದರೆ ಜೀವ ಉಳಿಸಲು ಗರ್ಭಕೋಶ ತೆಗೆಯಬೇಕಾದೀತು" ಎಂದು ಹಿಂದಿಯಲ್ಲಿ ಹೇಳಿ ಹೋದರು. ರಘು ಗೋಡೆಗೊರಗಿ ನಿಂತವನು ಕೂರಲೇ ಇಲ್ಲ. ನನಗೆ ಅವನ ಮೇಲೆ ಸಿಟ್ಟಿತ್ತು, ಹೆದರಿಕೆ ಅದಕ್ಕಿಂತ ಹೆಚ್ಚಿತ್ತು.

"ಅವರಿಗೆ ಬೈಬೇಡಿ ಅಕ್ಕ. ಹಸಿವಾಗಿತ್ತು, ನಾನೇ ತಿಂದದ್ದು" ಎಂದಳು ಸುಜಾತ.

ಮಧ್ಯಾಹ್ನ ಒಮ್ಮೆ ರಕ್ತ ಹೆಚ್ಚಾಯಿತು. ನರ್ಸುಗಳು ಓಡಿ ಬಂದರು. ಮತ್ತೆ ಇಳಿಯಿತು. ಸಂಜೆ ಅವಳನ್ನು ಒಳಗೆ ಕರೆದೊಯ್ದರು. ಹೊರಬಂದ ಡಾಕ್ಟರು ನಾಳಗಳು ಮುಚ್ಚಿವೆ, ಗರ್ಭಕೋಶ ಉಳಿದಿದೆ ಎಂದರು. ಮುಂದೆ ಮಗುವಾಗುತ್ತದೆಂದು ಮಾತು ಕೊಡಲಾರೆ, ಆದರೆ ಆ ದಾರಿ ಮುಚ್ಚಿಲ್ಲ ಎಂದೂ ಹೇಳಿದರು. ರಘು ಕೈ ಮುಗಿದ.

ಮೂರನೆಯ ದಿನ ವಾಪಸು ಹೊರಟೆವು. ಯೇವಲೆಯಲ್ಲಿ ಅದೇ ಜಾಗದಲ್ಲಿ ಕಾರು ನಿಲ್ಲಿಸಿದೆವು. ಆಸ್ಪತ್ರೆಯಲ್ಲಿದ್ದಷ್ಟು ದಿನ ರಘು ಚಹಾ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಸುಜಾತ ತಾನೇ ಇಡ್ಲಿ ಹೇಳಿ, ತಟ್ಟೆಯನ್ನು ಅವನ ಮುಂದೆ ಸರಿಸಿದಳು.

"ತಿನ್ನಿ. ಇದು ತಿಂಡಿಯ ಲೆಕ್ಕಕ್ಕೆ ಬರುದಿಲ್ಲ."

ಅವನು ಒಂದು ತುತ್ತು ಬಾಯಿಗಿಟ್ಟು ಅಳತೊಡಗಿದ. ಅವಳು ಸಾಂಬಾರು ಬಡಿಸಿ, ಇನ್ನೆರಡು ತರಲು ಹೇಳಿದಳು.