ಹಿಚ್ ಅಂಗಡಿಯ ಬಾಸ್

ಫ್ರೆಂಡ್ಸ್, ಈಗಷ್ಟೇ ಇಂಡಸ್ಟ್ರಿಯಲ್ ಏರಿಯಾದಿಂದ ಬಂದೆ, ಮೈಯೆಲ್ಲ ಉರೀತಿದೆ. ನಮ್ಮ ಕ್ಯಾರವಾನ್ ಎಳೆಯೋವಾಗ ಕಾರಿನ ಹಿಂಭಾಗ ಕುಸಿಯುತ್ತೆ, ಅದಕ್ಕೆ ಭಾರ ಹಂಚೋ ಹಿಚ್, ಅಂದ್ರೆ ಕಾರಿಗೆ ಕ್ಯಾರವಾನ್ ಜೋಡಿಸೋ ಕೊಂಡಿ, ಬೇಕಿತ್ತು.

"ಸಾಮಾನು ತುಂಬಿದ ಮೇಲೆ ಹಿಚ್ ಮೇಲೆ ಎಷ್ಟು ಭಾರ ಬೀಳುತ್ತೆ, ಬಾಸ್?" ಅಂಗಡಿಯವನು ಕೇಳಿದ್ದು ನನ್ನ ಗಂಡನ್ನ. ಉತ್ತರ ಕೊಟ್ಟಿದ್ದು ನಾನು. ತೂಕ ಹಾಕಿಸಿಕೊಂಡು ಬಂದಿದ್ದೂ ನಾನೇ! ಆದ್ರೂ ಪ್ರತಿ ಪ್ರಶ್ನೆಗೂ "ಬಾಸ್, ಬಾಸ್" ಅಂತ ಇವರ ಕಡೆಗೇ ತಿರುಗ್ತಿದ್ದ.

ಕೊನೆಗೆ, "ಬಾಸ್, ಕಾರು ರಿವರ್ಸ್ ತಗೊಳ್ಳಿ" ಅಂದ. ಇವರಿಗೆ ಡ್ರೈವಿಂಗೇ ಬರಲ್ಲ!

ನಾನೇ ಹೋಗಿ ಕೂತೆ. ಹಿಂದೆ ಅವನು ಇಲ್ಲಿನ ಸ್ವಾಹಿಲಿಯಲ್ಲಿ "ಪೋಲೆ ಪೋಲೆ", ಅಂದ್ರೆ ನಿಧಾನ, ಅಂತಿದ್ರೆ, ಅವನ ಪಕ್ಕದಲ್ಲಿ ನನ್ನ ಗಂಡ ಡಿಕ್ಕಿ ತಟ್ಟುತ್ತಾ, "ಬರ್ಲಿ, ಬರ್ಲಿ, ರೈಟ್!"

ಸ್ಟೀರಿಂಗ್ ಹಿಡಿಯೋಕೆ ಬರದಿದ್ರೂ, ಹಿಂದೆ ನಿಂತು ಕೂಗೋ ಲೈಸೆನ್ಸ್ ಗಂಡಸರಿಗೆ ಹುಟ್ಟಿದ ದಿನವೇ ಕೊಟ್ಟಿರ್ತಾರೆ.