ಮಂಚದ ಗಾಡಿಯ ಟೈರು

ಹೊಸ ಟೈರಿನ ವಾಸನೆ ನಿಮಗೆ ಹೇಗೆನಿಸುತ್ತದೋ ಗೊತ್ತಿಲ್ಲ, ನನಗಂತೂ ಅದು ಮೂಗಿಗೆ ಬಿದ್ದರೆ ಜಗಳಕ್ಕೆ ನಿಲ್ಲುವ ಹುರುಪು ಬರುತ್ತದೆ. ಇವತ್ತು ಬೆಳಿಗ್ಗೆ ಇಂದಿರಾನಗರದ ಟೈರ್ ಅಂಗಡಿಯೊಂದರಲ್ಲಿ ನಿಂತಿದ್ದೆ. ಹೊರಗೆ ಮೆಟ್ರೋ ಕಂಬಗಳಿಗಾಗಿ ರಸ್ತೆ ಅಗೆದು ಹಾಕಿದ್ದರು. ಒಳಗೆ ತಣ್ಣಗೆ ಏಸಿಯಲ್ಲಿ ಕೂತಿದ್ದ ಅಂಗಡಿಯವನು ನಮ್ಮ ಹಳೇ ವ್ಯಾನನ್ನು ಗಾಜಿನ ಈಚೆಯಿಂದಲೇ ನೋಡಿ, ಇದಕ್ಕೆ ಹೊಸ ಟೈರೇಕೆ ಮೇಡಂ, ಸೆಕೆಂಡ್ ಹ್ಯಾಂಡ್ ಹಾಕಿಸಿ ಮಾರಿಬಿಡಿ ಎಂದು ಬುದ್ಧಿ ಹೇಳಿದ. ವ್ಯಾನಿನ ಮುಂದಿನ ಸೀಟಿನಲ್ಲಿ ಕೂತ ಅವ್ವನೂ ಒಂದು ವಾರದಿಂದ ಅದನ್ನೇ ಹೇಳುತ್ತಿದ್ದಾಳೆ. ಮೊಣಕಾಲು ನೋವು, ವಯಸ್ಸಾಯಿತು, ಇನ್ನೆಲ್ಲಿಯ ತಿರುಗಾಟ ಅಂತ. ಬೇರೆ ಯಾರದೋ ಅವ್ವ ಈ ಮಾತಾಡಿದ್ದರೆ ಹೂಂ ಅನ್ನುತ್ತಿದ್ದೆ. ನನ್ನ ಅವ್ವ ಆಡುವಂತಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ಈ ವ್ಯಾನು ಅಪ್ಪ ತಂದದ್ದು. ಕಾಕ್ಸ್‌ಟೌನಿನ ನಮ್ಮ ಬೀದಿಯಲ್ಲಿ ಮುಚ್ಚಿಹೋದ ಶಿಶುವಿಹಾರದ ಗಾಡಿ. ಹಲಸೂರಿನ ಬಡಗಿಯಿಂದ ಅದರೊಳಗೆ ಮಡಚುವ ಮಂಚ, ಪಾತ್ರೆಗೊಂದು ಗೂಡು, ಸ್ಟೌ ಇಡಲು ಹಲಗೆ ಮಾಡಿಸಿದ. ಕ್ಯಾಂಪರ್ ಎಂಬ ಮಾತು ಆಗ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಬೀದಿಯವರು ಮಂಚದ ಗಾಡಿ ಎಂದರು, ನಾವೂ ಹಾಗೇ ಕರೆದೆವು. ಕೆ.ಆರ್. ಪುರದ ಕಡೆಯ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ಅಪ್ಪನಿಗೆ ರಜೆ ಸಿಕ್ಕರೆ ಸಾಕು, ಅವ್ವ ಜೋಳದ ಹಿಟ್ಟಿನ ಡಬ್ಬಿಯನ್ನು ಗಾಡಿಗೆ ಏರಿಸುತ್ತಿದ್ದಳು. ಬಾದಾಮಿ, ಹಂಪಿ, ಕಾರವಾರ. ಹೋದಲ್ಲೆಲ್ಲ ಹಿಂದಿನ ಬಾಗಿಲು ತೆರೆದು ರೊಟ್ಟಿ ಬಡಿಯುವುದು. ಕಾರವಾರದಲ್ಲಿ ಆ ಸದ್ದು ಕೇಳಿ ಮೀನು ಮಾರುವ ಹೆಂಗಸರು ಬುಟ್ಟಿ ಇಳಿಸಿ ನೋಡುತ್ತ ನಿಂತದ್ದುಂಟು. ನನ್ನ ಪಾಲಿಗೆ ಬಂದದ್ದು ರಿವರ್ಸ್ ತೆಗೆಯುವ ಕೆಲಸ. ಅಪ್ಪನೇ ಕಲಿಸಿದ. ನಮ್ಮ ಗೇಟಿನ ಕಂಬ ಇಂದಿಗೂ ಸೊಟ್ಟಗಿರುವುದಕ್ಕೆ ಆ ಕಲಿಕೆಯೇ ಕಾರಣ.

ತೊಂಬತ್ತರ ದಶಕದ ನಡುವೆ ಅಪ್ಪ ತೀರಿಕೊಂಡ. ಅವನು ಹಾಸಿಗೆ ಹಿಡಿದಾಗಿನಿಂದಲೂ ಗಾಡಿ ಶೆಡ್ಡಿನಲ್ಲೇ ನಿಂತಿತ್ತು. ಕೆಲವು ತಿಂಗಳಾದ ಮೇಲೆ ಅವ್ವ ಒಂದು ಮಧ್ಯಾಹ್ನ ಶೆಡ್ಡಿಗೆ ಹೋಗಿ, ಆ ಮಂಚದ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಬಂದು, ಕಾರವಾರಕ್ಕೆ ಹೋಗಬೇಕು ಎಂದಳು. ನಮ್ಮ ಮನೆತನದ ಪದ್ಧತಿ ಹೀಗಿತ್ತು: ಸಾವಾದ ಮನೆಯವರು ವರ್ಷ ತುಂಬುವ ತನಕ ಬೆಟ್ಟ ಹತ್ತಬಾರದು, ತಿರುಗಾಟ ಹೋಗಬಾರದು, ಹೊಸದೇನನ್ನೂ ಮನೆಗೆ ತರಬಾರದು. ಇನ್ನು ಗಂಡನನ್ನು ಕಳೆದುಕೊಂಡವಳ ಮಾತಂತೂ ಕೇಳಲೇಬೇಡಿ.

ಸುದ್ದಿ ತಿಳಿದು ಅಪ್ಪನ ತಮ್ಮ, ನಮ್ಮ ಕಾಕಾ, ಓಡಿಬಂದ. ಕಾಕಾ ಕೆಟ್ಟವನಲ್ಲ. ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ ನನಗಿಂತ ಹೆಚ್ಚು ಕೂತವನು ಅವನೇ. ಆದರೆ ನಾಲ್ಕು ಜನ ಏನಂದಾರು ಎಂಬ ಚಿಂತೆಯನ್ನು ಅವನು ಗುತ್ತಿಗೆ ಹಿಡಿದಿದ್ದ. ಮದುವೆ ಅಡುಗೆಯ ಗುತ್ತಿಗೆದಾರನೊಬ್ಬ ಪಾತ್ರೆ ಸಾಗಿಸಲು ಗಾಡಿ ಕೇಳುತ್ತಿದ್ದಾನೆ, ಮಾತಾಡಿ ಮುಗಿಸಿದ್ದೇನೆ ಎಂದ. ಆಮೇಲೆ ಟೈರು ನೋಡಿದ. ನಿಂತು ನಿಂತು ಟೈರಿನ ಪಕ್ಕೆಗಳೆಲ್ಲ ಬಿರುಕು ಬಿಟ್ಟಿದ್ದವು. ಕಾಕಾ ಅದನ್ನು ನೋಡಲೇ ಇಲ್ಲ. ನೆಲಕ್ಕೆ ತಾಗುವ ಬಟನ್ನುಗಳು ಸವೆದದ್ದನ್ನಷ್ಟೇ ನೋಡಿದ. ಕೊಳ್ಳುವವನು ಬೆಲೆ ಇಳಿಸದಿರಲು ಟೈರು ಬದಲಿಸಬೇಕು, ಆದರೆ ವರ್ಷದೊಳಗೆ ಹೊಸದನ್ನು ತರುವಂತಿಲ್ಲ. ಆಗ ಅವನಿಗೊಂದು ಉಪಾಯ ಹೊಳೆಯಿತು.

"ರೀಬಟನ್ ಹಾಕ್ಸೂಣು ವೈನಿ. ಹಳೇ ಟೈರಿನ ಮ್ಯಾಲ ಹೊಸಾ ರಬ್ಬರ್ ಕೂಡಸ್ತಾರ. ಅದನ್ನ ಹೊಸಾದು ಅಂತ ಹಿಡಿಯೂದಿಲ್ಲ, ದೋಷಾನೂ ಇಲ್ಲ."

ಶಾಸ್ತ್ರ ಬರೆದವರು ಟೈರು ಕಂಡವರಲ್ಲವಾದ್ದರಿಂದ ಈ ಮಾತನ್ನು ತಪ್ಪೆನ್ನಲು ಯಾರಿಂದಲೂ ಆಗುತ್ತಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ವರ್ಷವಿಡೀ ಮೂಲೆ ಹಿಡಿದು ಕೂರಬೇಕಾದವಳು ಅವ್ವ, ಇವನು ಟೈರಿನ ಮೈಲಿಗೆ ಅಳೆಯುತ್ತಿದ್ದಾನೆ. ಬಾಯಿ ತೆರೆಯುವುದರಲ್ಲಿದ್ದೆ, ಅವ್ವ ಕಣ್ಣಲ್ಲೇ ಗದರಿದಳು. ಚಹಾ ಕುಡಿದಾದ ಮೇಲೆ ಕೈಚೀಲ ತೆಗೆದುಕೊಂಡು, ಶಿವಾಜಿನಗರಕ್ಕೆ ಹೋಗಿ ಟೈರು ನೋಡೋಣ ನಡೆಯಿರಿ ಎಂದಳು. ಒಪ್ಪಿದಳೆಂದುಕೊಂಡು ಕಾಕಾ ಖುಷಿಯಿಂದ ಹೊರಟ.

ಶಿವಾಜಿನಗರದ ಟೈರ್ ಅಂಗಡಿಗೆ ಹೆಂಗಸರು ಹೋಗುವುದು ಅಪರೂಪ. ಮಾಲೀಕರು, ಬಿಳಿ ಗಡ್ಡದ ಸಾಬರು, ನಮಗೆ ಮರ್ಯಾದೆಯಿಂದ ಸ್ಟೂಲು ಹಾಕಿಸಿ, ಮಾತನ್ನೆಲ್ಲ ಕಾಕಾನ ಜೊತೆಗೇ ಆಡಿದರು. ಅವ್ವ ನಡುವೆ ಬಾಯಿ ಹಾಕಿ ಹೊಸ ಟೈರು ತೋರಿಸಿ ಎಂದಳು. ಕಾಕಾ ಗಾಬರಿಯಾದ. ಸಾಬರು ಮೊದಲು ತೋರಿಸಿದ್ದು ಕಾರಿನ ಟೈರು. ಅಗ್ಗ, ಮೆತ್ತಗೆ ಓಡುತ್ತದಂತೆ. ಅವ್ವ ಎದ್ದು ನಿಂತು, ಗಾಡಿಯೊಳಗೆ ಮಂಚ ಇದೆ, ನೀರಿನ ಡ್ರಮ್ಮಿದೆ, ಸಿಲಿಂಡರಿದೆ, ಮೇಲಾಗಿ ನಾನಿದ್ದೇನೆ, ಇಷ್ಟನ್ನೆಲ್ಲ ಇದು ಹೊರುತ್ತದೆಯೇ ಎಂದು ಕೇಳಿದಳು. ನಮ್ಮ ಅವ್ವ ಗಾತ್ರದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಸಾಬರು ಅವಳನ್ನೊಮ್ಮೆ ನೋಡಿ, ಪದರ ಹೆಚ್ಚಿರುವ ಲೋಡ್ ಟೈರು ಇಳಿಸಿದರು. ಅದು ಮಿರಮಿರ ಮಿಂಚುತ್ತಿತ್ತು. ಬದನೆಕಾಯಿ ಹೆಚ್ಚು ಹೊಳೆದರೂ ಅನುಮಾನ ಪಡುವ ಹೆಂಗಸು ಅವಳು. ಸೆರಗಿನ ತುದಿಯಿಂದ ಉಜ್ಜಿದಳು. ಪಾಲಿಶು ಸೆರಗಿಗೆ ಬಂತು. ಇದು ಅಂಗಡಿಯಲ್ಲಿ ಎಷ್ಟು ವರ್ಷದಿಂದ ಕೂತಿದೆ ಎಂದಳು. ಸಾಬರಿಗೆ ನಗು ಬಂತು. ಅಲ್ಲಿಂದ ಮುಂದೆ ಅವರು ಕಾಕಾನನ್ನು ಬಿಟ್ಟು ಅವ್ವನ ಜೊತೆ ಮಾತಾಡಿದರು.

"ಸರಿಯಾಗಿ ಕೇಳಿದ್ರಿ ಅಮ್ಮಾ. ಓಡಿದ್ರೇನೇ ಟೈರ್ ಹಾಳಾಗೋದು ಅಂದ್ಕೊಂಡಿದಾರೆ ಜನ. ಸುಮ್ನೆ ನಿಂತ್ರೂ ಒಣಗುತ್ತೆ, ಬಿರಿಯುತ್ತೆ. ಪಕ್ಕೆ ಬಿರಿದಿದ್ರೆ ರೀಬಟನ್ ಮಾಡಿ ಏನೂ ಫಾಯ್ದಾ ಇಲ್ಲ."

ಅವ್ವ ಕಾಕಾನ ಕಡೆ ತಿರುಗಿದಳು. ಅಂಗಡಿಯ ಜನರೆದುರು, ದನಿ ಏರಿಸದೆ ಅಂದಳು:

"ಕೇಳಿದೇನಪಾ. ನಿಂತ್ರೂ ಹಾಳಾಗ್ತಾವಂತ. ನಾ ಮನ್ಯಾಗ ನಿಂದ್ರೂದಿಲ್ಲ. ದೋಷ ಬಂದ್ರ ನನಗ ಬರಲಿ, ನಿನ್ನ ಅಂಗಳಕ್ಕ ಬರೂದಿಲ್ಲ."

ಕಾಕಾ ನಮ್ಮನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದ. ಸಾಬರು ಒಳಗಿನಿಂದ ಆಗಷ್ಟೇ ಬಂದ ಟೈರು ತರಿಸಿಕೊಟ್ಟರು. ಸ್ಟೇರಿಂಗ್ ನಾನು ಹಿಡಿದು ನಾವಿಬ್ಬರೂ ಹೊರಟ ಬೆಳಿಗ್ಗೆ ಕಾಕಾ ಮತ್ತೆ ಗೇಟಿನಲ್ಲಿ ನಿಂತಿದ್ದ. ಜೇಬಿನಿಂದ ನಿಂಬೆಹಣ್ಣು ತೆಗೆದು ಒಂದೊಂದು ಚಕ್ರದ ಕೆಳಗೂ ಒಂದೊಂದು ಇಟ್ಟು, ಇದು ಪೂಜೆಯಲ್ಲ, ಬರೀ ನಿಂಬೆಹಣ್ಣು ಎಂದು ಯಾರೂ ಕೇಳದಿದ್ದರೂ ಹೇಳಿದ.

ಕಾರವಾರದ ದಂಡೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಅತ್ತಳು. ಮನೆಗೆ ಬಂದವರ ಮುಂದೆ ಅತ್ತದ್ದು ಬೇರೆ, ಇದು ಬೇರೆ. ಯಾರೂ ಸಮಾಧಾನ ಹೇಳಲು ಬರಲಿಲ್ಲ, ಅತ್ತು ಮುಗಿಸಿ ಹೊಟ್ಟೆ ತುಂಬ ಉಂಡಳು. ಈ ಗಾಡಿ ಮಾರು ಎನ್ನುವವರ ಜೊತೆ ಜನ್ಮವಿಡೀ ಜಗಳವಾಡಲು ನಾನು ಅವತ್ತೇ ತಯಾರಾದೆ. ಮುಂದೊಂದು ದಿನ ಆ ಮಾತನ್ನು ಅವಳೇ ಅಂದಾಳೆಂದು ಎಣಿಸಿರಲಿಲ್ಲ.

ಹೊಸದೇ ಹಾಕಿ, ಲೋಡ್ ಟೈರು, ಈ ವರ್ಷ ತಯಾರಾದದ್ದು ಎಂದು ಇಂದಿರಾನಗರದ ಅಂಗಡಿಯವನಿಗೆ ಹೇಳಿದೆ. ಜಾಕ್ ಏರಿಸಬೇಕು, ಅಜ್ಜಿಯನ್ನು ಇಳಿಸಿ ಎಂದ. ಅವ್ವ ಇಳಿಯಲಿಲ್ಲ. ಕಿಟಕಿಯಿಂದಲೇ, ಇವು ಎಷ್ಟು ವರ್ಷ ಬರುತ್ತವೆ ಎಂದು ವಿಚಾರಿಸಿದಳು. ಐದು ವರ್ಷ ಯೋಚನೆಯೇ ಇಲ್ಲ ಎಂದ ಅವನು.

"ಅಷ್ಟು ದಿನ ನಾ ಇರಬೇಕಲ್ಲ," ಎಂದು ಅವ್ವ ನನ್ನನ್ನು ನೋಡಿದಳು.

"ಇರಬೇಕಾಗ್ತದ," ಎಂದೆ. "ನಿನ್ನ ಕೇಳಿಲ್ಲ ನಾ."

ಅವಳು ಮುಖ ಊದಿಸಿಕೊಂಡು ಆ ಕಡೆ ತಿರುಗಿದಳು. ನಾಲ್ಕನೆಯ ಚಕ್ರ ಬಿಗಿಯುವ ಹೊತ್ತಿಗೆ ಕೈ ಹೊರಹಾಕಿ ಬಾಗಿಲು ತಟ್ಟಿ ಅಂಗಡಿಯವನನ್ನು ಕರೆದಳು.

"ತಮ್ಮಾ, ಸ್ಟೆಪ್ನಿನೂ ಹೊಸಾದ ಹಾಕು. ಘಟ್ಟದಾಗ ಪಂಕ್ಚರ್ ಆದ್ರ ಈಕಿಗೆ ಏನೂ ಬರೂದಿಲ್ಲ."