ನಾಲ್ಕನೇ ಕಾಲಮ್ಮಿನ ಮಳೆ

ನಮ್ಮ ಮೇಷ್ಟ್ರ ಮೂಗಿನ ಮೇಲೆ ಯಾವಾಗಲೂ ಒಂದು ನೀಲಿ ಮಚ್ಚೆ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ಬೋರ್ಡಿನ ಮೇಲೆ ಬರೆದದ್ದನ್ನು ಡಸ್ಟರ್ ಬಿಟ್ಟು ತೋರುಬೆರಳಿನಿಂದಲೇ ಒರೆಸುವರು, ಅದೇ ಬೆರಳಿನಿಂದ ಜಾರುವ ಕನ್ನಡಕವನ್ನು ಮೇಲಕ್ಕೆ ತಳ್ಳುವರು. ಹಣೆಯಲ್ಲಿ ವಿಭೂತಿ, ಅದರ ಕೆಳಗೆ ಮಾರ್ಕರಿನ ನೀಲಿ. ಹೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಸಂಜೆ ಹಾಗೇ ಬಸ್ಸು ಹತ್ತಿ ಹೋಗಿಬಿಡುತ್ತಿದ್ದರು.

ನಾವು ಹವಾಮಾನ ಸೇವೆಯ ಸಿಬ್ಬಂದಿ. ಮಳೆ ಅಳೆಯುವುದು, ಬಿಸಿಲು ಅಳೆಯುವುದು, ಅಂಕಿ ಬರೆದು ಮೇಲಕ್ಕೆ ಕಳಿಸಿ ಕೈ ತೊಳೆದುಕೊಳ್ಳುವುದು, ನಮಗೆ ಗೊತ್ತಿದ್ದದ್ದು ಇಷ್ಟೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕುಗಳಲ್ಲಿ ಹವಾಮಾನ ಹೇಗೆ ಬದಲಾಗುತ್ತಿದೆ ಎಂದು ಹಳೆಯ ಅಂಕಿಗಳಿಂದ ನೀವೇ ವಿಶ್ಲೇಷಿಸಿ ವರದಿ ಕೊಡಿ ಎಂದು ಆದೇಶ ಬಂದಾಗ, ನಮಗೆ ಕಲಿಸಲು ಈ ಮೇಷ್ಟ್ರನ್ನು ಕರೆಸಿದರು. ಚನ್ನಗಿರಿಯಲ್ಲಿ ಗೊಬ್ಬರದಂಗಡಿಯ ಮೇಲಿನ ಒಂದು ಹಾಲ್. ಮೆಟ್ಟಿಲು ಹತ್ತಿ ಬಂದವರು ಮೊದಲು ಮಂಡಿ ಒತ್ತಿಕೊಂಡು ಸುಮ್ಮನೆ ಕೂತರು. ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ಆಮೇಲೆ ಹೇಳಿದರು: “ಲೆಕ್ಕ ಕಲಿಯಾಕೆ ಬಂದೀವಿ ಅಂದ್ಕೊಂಡೀರೇನು? ಲೆಕ್ಕ ಕಂಪ್ಯೂಟರ್ ಮಾಡ್ತೈತೆ. ನೀವು ಅನುಮಾನ ಪಡಾಕೆ ಕಲೀರಿ ಸಾಕು.”

ಅನುಮಾನ ಅವರ ರಕ್ತದಲ್ಲೇ ಇತ್ತು. ಕೆಳಗಿನ ಹೋಟೆಲಿನವನು ಟೀ ಕೊಡುತ್ತಾ, “ಈ ಸಲ ಬಿಸಿಲು ಜಾಸ್ತಿ ಐತೆ ಸಾರ್” ಎಂದರೆ, “ಯಾವ ವರ್ಷಕ್ಕಿಂತ?” ಎಂದು ಕೇಳುವರು. ಪಾಪ, ಅವನು ಅಂದಿನಿಂದ ನಮ್ಮ ಜೊತೆ ಬಿಸಿಲಿನ ಮಾತೇ ಬಿಟ್ಟ. ಕತ್ತಲಗೆರೆ, ಸಂತೇಬೆನ್ನೂರು, ಸವಳಂಗ ಎಂದು ಒಂದೊಂದು ಮಳೆಮಾಪಕದ ಹತ್ತಿರಕ್ಕೂ ನಮ್ಮನ್ನು ಎಳೆದುಕೊಂಡು ಹೋಗಿ, ಪಕ್ಕದಲ್ಲಿ ಮರ ಬೆಳೆದಿದೆಯೇ, ಗೋಡೆ ಎದ್ದಿದೆಯೇ ಎಂದು ನೋಡಿಸುವರು. ಮಾಪಕದ ಮೇಲೆ ಮರ ಕೊಂಬೆ ಚಾಚಿದರೆ ಊರಿಗೆ ಬಿದ್ದ ಮಳೆ ಕಾಗದದಲ್ಲಿ ಕಡಿಮೆಯಾಗುತ್ತದೆ, ಅದನ್ನೇ ಹವಾಮಾನ ಬದಲಾವಣೆ ಎಂದು ಬರೆದು ಬರಬೇಡಿ ಎನ್ನುವರು. ಬಿಸಿಲಲ್ಲಿ ನಿಂತು ಕೇಳಿ ಕೇಳಿ ನಮಗೆ ಸಾಕಾಗಿಹೋಗುತ್ತಿತ್ತು.

ಕೊನೆಗೆ ನಾಲ್ಕೂ ತಾಲ್ಲೂಕಿನ ಹಳೆಯ ಅಂಕಿಗಳನ್ನು ಕಂಪ್ಯೂಟರಿಗೆ ಕೊಟ್ಟೆವು. ಮೂರು ತಾಲ್ಲೂಕಿನ ಗೆರೆಗಳು ಏರುತ್ತಾ ಇಳಿಯುತ್ತಾ ಹೋದವು. ಜಗಳೂರಿನ ಗೆರೆ ಮಾತ್ರ ನೇರ ಮೇಲಕ್ಕೆ ಹತ್ತಿತು. ಜಗಳೂರಿನಲ್ಲಿ ಮಳೆ ಹೆಚ್ಚುತ್ತಿದೆ! ನಮ್ಮ ಮೇಲಧಿಕಾರಿಗೆ ಹೇಳತೀರದ ಖುಷಿ. ವರದಿಗೆ ಒಂದು ಗಟ್ಟಿ ಮಾತು ಸಿಕ್ಕಿತ್ತು. ಆದರೆ ಹೊಳೆ ನೀರಿನಿಂದ ಯಾವ ತಾಲ್ಲೂಕಿನ ಕೆರೆಗಳನ್ನು ಮೊದಲು ತುಂಬಿಸಬೇಕು ಎಂದು ನಿರ್ಧರಿಸುವವರ ಮುಂದೆ ಇದೇ ವರದಿ ಹೋಗುವುದಿತ್ತು. ಮಳೆ ಹೆಚ್ಚುತ್ತಿರುವ ಊರಿಗೆ ಯಾರು ನೀರು ಕೊಡುತ್ತಾರೆ?

ಮೇಷ್ಟ್ರ ಹುಟ್ಟೂರು ಜಗಳೂರು. ಅದು ಎಲ್ಲರಿಗೂ ಗೊತ್ತಿತ್ತು.

ಅಂದು ಟೀ ಕುಡಿಯುವಾಗ ನನ್ನೊಬ್ಬಳಿಗೇ ಕೇಳುವಂತೆ ಹೇಳಿದರು: “ಆ ಗೆರೆ ತಪ್ಪೈತೆ ಅಂತ ಕಾಣ್ತೈತೆ ಕಣಮ್ಮ. ನಾನು ಹಂಗಂದ್ರೆ ತನ್ನೂರಿನ ಪರ ಮಾತಾಡಿದ ಅಂತಾರೆ. ಸುಮ್ನಿದ್ರೆ ಸುಳ್ಳು ಮೇಲಕ್ಕೆ ಹೋಗ್ತೈತೆ.” ಅಡಕತ್ತರಿಗೆ ಸಿಕ್ಕ ಅಡಿಕೆ ಎನ್ನುತ್ತಾರಲ್ಲ, ಹಾಗಾಗಿತ್ತು ಅವರ ಸ್ಥಿತಿ.

ಮರುದಿನ ಊರುಗಳ ಹೆಸರು ತೆಗೆದು, ಹಿಂದುಮುಂದು ಮಾಡಿ, ನಾಲ್ಕು ಕಾಲಂ ಅಂಕಿಗಳನ್ನು ನಮ್ಮ ಮುಂದಿಟ್ಟರು. “ಯಾವುದು ಯಾವ ಊರದ್ದು ಅಂತ ಕೇಳಬ್ಯಾಡ್ರಿ. ಯಾವ ಕಾಲಂ ನಂಬಬೋದು, ಯಾವುದು ನಂಬಬಾರ್ದು, ಅಷ್ಟೇ ಹೇಳ್ರಿ” ಎಂದು ಹೋಗಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ಒಂದು ಸುಳಿವೂ ಕೊಡಲಿಲ್ಲ. ಮಧ್ಯಾಹ್ನ ಹೊನ್ನಾಳಿಯ ನಮ್ಮ ಸಹೋದ್ಯೋಗಿ ಎದ್ದು ನಿಂತಳು. “ಸಾರ್, ನಾಲ್ಕನೇದ್ರಾಗೆ ಹಳೇ ವರ್ಷಗಳಲ್ಲಿ ಮಳೆಗಾಲದಾಗೇ ತಿಂಗಳಿಗೆ ತಿಂಗಳೇ ಸೊನ್ನೆ ಐತೆ. ಉಳಿದ ಮೂರರಾಗೂ ಆವಾಗ ಮಳೆ ಬಂದೈತೆ. ಇದ್ರಾಗೆ ಮಾತ್ರ ಒಂದನೇ ತಾರೀಖಿಗೆ ಸರಿಯಾಗಿ ನಿಲ್ತೈತೆ, ತಿಂಗಳು ಮುಗಿದ ಕೂಡ್ಲೆ ಶುರು ಆಗ್ತೈತೆ.”

“ಮಳೆ ಏನು ತಿಂಗಳ ಸಂಬಳಕ್ಕೆ ಇತ್ತೇನೆ?” ಎಂದೆ ನಾನು. ಎಲ್ಲರೂ ನಕ್ಕರು, ನಗುತ್ತಲೇ ಅರ್ಥವಾಯಿತು. ಆ ತಿಂಗಳುಗಳ ಅಂಕಿ ಬಂದೇ ಇರಲಿಲ್ಲ. ಕಂಪ್ಯೂಟರಿಗೆ ಹಾಕಿದವರು ಖಾಲಿ ಬಿಡಬೇಕಾದ ಕಡೆ ಸೊನ್ನೆ ಹಾಕಿದ್ದರು. ಹಳೆಯ ವರ್ಷಗಳಿಗೆ ಇಲ್ಲದ ಬರ ಬಂದು, ಈಚಿನ ವರ್ಷಗಳ ಮಳೆ ಹೆಚ್ಚಿದಂತೆ ಕಂಡಿತ್ತು. ನಾಲ್ಕನೇ ಕಾಲಂ ಜಗಳೂರಿನದ್ದೇ.

ನನಗೆ ಹುಮ್ಮಸ್ಸು ಬಂತು. “ಹಂಗಾದ್ರೆ ಅಲ್ಲಿ ಮಳೆ ಕಡಿಮೆಯಾಗಿದೆ ಅಂತ ಬರೆಯೋಣ ಸಾರ್” ಎಂದೆ.

“ಎಲ್ಲಿ ಕಂಡ್ರಿ ಕಡ್ಮೆ ಆಗಿದ್ದು?” ಎಂದರು. ಸುಳ್ಳು ಸೊನ್ನೆಗಳನ್ನು ತೆಗೆದುಹಾಕಿದ ಮೇಲೆ ಉಳಿದದ್ದು ತೂತುತೂತಾದ ಅಂಕಿಗಳು. ಅವುಗಳಿಂದ ಏನೂ ಹೇಳಲು ಬರುತ್ತಿರಲಿಲ್ಲ. ಜಗಳೂರಿನ ಹಳೆಯ ದಾಖಲೆ ಅಪೂರ್ಣ, ಮಳೆ ಹೆಚ್ಚಿದೆ ಎಂದಾಗಲಿ ತಗ್ಗಿದೆ ಎಂದಾಗಲಿ ಹೇಳಲಾಗದು ಎಂದು ಬರೆದು ಸಹಿ ಹಾಕಿದರು.

ಮೇಲಧಿಕಾರಿಗೆ ಸಿಟ್ಟು ಬಂತು. ಮುಂದಿನ ತರಬೇತಿಗೆ ಇವರನ್ನು ಕರೆಯಲಿಲ್ಲ. ಜಗಳೂರಿನವರಿಗೂ ಸಿಟ್ಟು ಬಂತು. ಮೇಷ್ಟ್ರ ಸ್ವಂತ ಅಣ್ಣನೇ ನಾಲ್ಕು ಜನರನ್ನು ಕಟ್ಟಿಕೊಂಡು ಹಾಲಿಗೆ ಬಂದು ನಮ್ಮೆಲ್ಲರ ಎದುರು ಕೇಳಿದರು: “ಹೆಚ್ಚಾಗೈತೆ ಅಂತ ಬರೀಲಿಲ್ಲ, ಆತು. ಕಡ್ಮೆ ಆಗೈತೆ ಅಂತ ಬರ್ದಿದ್ರೆ ನಿನ್ ಗಂಟೇನು ಹೋಗ್ತಿತ್ತೋ? ನಾವು ಕಣ್ಣಾರೆ ಕಂಡಿದ್ದು ಸುಳ್ಳೇನೋ?” ಮೇಷ್ಟ್ರು ಟೀ ತರಿಸಿದರು. ಅಣ್ಣ ಲೋಟ ಮುಟ್ಟದೆ ಮೆಟ್ಟಿಲಿಳಿದು ಹೋದರು.

ಜಗಳೂರಿನ ಕೆರೆಗಳ ವಿಷಯ ಹಿಂದಕ್ಕೂ ಬೀಳಲಿಲ್ಲ, ಮುಂದಕ್ಕೂ ಬರಲಿಲ್ಲ. ಇನ್ನೊಂದು ಸಮಿತಿ ನೋಡಲಿ ಎಂದು ಇಟ್ಟರು. ಈಗ ಹೊಸಬರಿಗೆ ನಾನೇ ಕಲಿಸುತ್ತೇನೆ. ಗೊತ್ತಿಲ್ಲ ಎಂದು ಬರೆಯುವುದನ್ನು ಕಲಿಸುವಷ್ಟು ದಣಿವಿನ ಕೆಲಸ ಇನ್ನೊಂದಿಲ್ಲ. ಕೇಳುವವರಿಗೆ ಬೇಡ, ಕಲಿಯುವವರಿಗೂ ಬೇಡ. ಎಷ್ಟೋ ಸಂಜೆ, ಎಲ್ಲಾ ಖಾಲಿ ಜಾಗಗಳಿಗೂ ಏನೋ ಒಂದು ತುಂಬಿ ಮನೆಗೆ ಹೋಗೋಣ ಎನಿಸುತ್ತದೆ. ಆಗ ಮೇಷ್ಟ್ರ ನೆನಪಾಗಿ ಮತ್ತೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಅವರಿಂದ ನನಗೆ ಬಂದದ್ದು ಇದು, ಇದರ ಋಣ ತೀರುವಂಥದ್ದಲ್ಲ.

ಹೋದ ವರ್ಷ ಎದೆನೋವು ಎಂದು ಆಸ್ಪತ್ರೆಗೆ ಹೋದ ಮೇಷ್ಟ್ರು ತಿರುಗಿ ಬರಲಿಲ್ಲ. ಶಿವಗಣಾರಾಧನೆಗೆ ನಾನು ಜಗಳೂರಿಗೆ ಹೋದೆ. ಶಾಮಿಯಾನದ ಕಂಬಕ್ಕೊರಗಿ ಕೂತಿದ್ದ ಅಣ್ಣ ನನ್ನ ಗುರುತು ಹಿಡಿದರು. “ನೀವೂ ಅವತ್ತು ಅಲ್ಲೇ ಇದ್ರಲ್ವೇನಮ್ಮ? ಊರಿನ ಮಾತು ನಂಬಲಿಲ್ಲ ನೋಡ್ರಿ ಅವ್ನು. ಆ ಸಿಟ್ಟಿಗೆ ನಾನು ಮಾತು ಬಿಟ್ಟಿದ್ದೆ” ಎಂದರು.

ನಂಬಿದ್ದರು ಎಂದೆ ನಾನು. ವರದಿ ಕಳಿಸಿದ ವಾರವೇ ಸವಳಂಗದಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಅವರು ಆಡಿದ ಮಾತು ಹೇಳಿದೆ: “ಸಣ್ಣವನಿದ್ದಾಗ ನಮ್ಮೂರ ಕೆರೆ ಕೋಡಿ ಬೀಳ್ತಿತ್ತು ಕಣಮ್ಮ. ಅಣ್ಣ ನನ್ನ ಹೆಗಲ ಮೇಲೆ ಕೂರಿಸ್ಕೊಂಡು ನೀರು ದಾಟಿಸ್ತಿದ್ದ. ಮಳೆ ಕಡ್ಮೆ ಆಗೈತೆ ಅಂತ ನನ್ನ ಜೀವಕ್ಕೂ ಗೊತ್ತೈತೆ. ಆದ್ರೆ ಜೀವಕ್ಕೆ ಗೊತ್ತಿದ್ದುದಕ್ಕೆ ಹೆಂಗೆ ಸಹಿ ಹಾಕ್ಲಿ?”

ಅಣ್ಣ ಟವೆಲಿನಿಂದ ಮುಖ ಒರೆಸಿಕೊಂಡರು. ಊಟಕ್ಕೆ ಏಳಿ ಎಂದು ಯಾರೋ ಬಂದು ಕರೆದರು, ಅವರು ಏಳಲಿಲ್ಲ.

“ಹೆಗಲ ಮೇಲೆ ಕೂತಿದ್ದು ನೆಪ್ಪಿತ್ತಾ ಅವ್ನಿಗೆ?”

“ಇತ್ತು.”

“ಇನ್ನೊಂದ್ಸಲ ಹೇಳಮ್ಮ, ಹೆಂಗಂದ ಅಂತ.”

ನಾನು ಮತ್ತೆ ಮೊದಲಿನಿಂದ ಹೇಳಿದೆ.